ಹ್ಯಾಮ್‌ಸ್ಟರ್ ಮತ್ತು ಮೀನಿನ ಅಂಗಡಿಯ ಟೈಮರ್

ದಸರಾ ಮುಗಿದ ಮೇಲೆ ನನ್ನ ಸಿರಿಯನ್ ಹ್ಯಾಮ್‌ಸ್ಟರ್ ಜೋಡಿಯನ್ನು ಮಹಡಿಯ ಟ್ಯಾಂಕ್ ರೂಮಿಗೆ ಸಾಗಿಸಿದೆ. ಕೆಳಗೆ ಹೊಲಿಗೆ ಮಷೀನಿನ ಗಡಗಡ, ಜೊತೆಗೆ ಅತ್ತೆಯ ಕಾಟ. "ಊರೋರೆಲ್ಲ ಇಲಿ ಹಿಡಿಯೋಕೆ ಬೋನು ತರ್ತಾರೆ, ಇವಳು ದುಡ್ಡು ಕೊಟ್ಟು ಇಲಿ ತಂದವಳೆ!"

ಇವು ಒಂಟಿ ಪ್ರಾಣಿಗಳು, ಒಂದೇ ಪಂಜರದಲ್ಲಿಟ್ಟರೆ ಕಚ್ಚಾಡಿ ಸಾಯುತ್ತವೆ. ಹೆಣ್ಣಿಗೆ ನಾಲ್ಕು ದಿನಕ್ಕೊಮ್ಮೆ ಬೆದೆ ಬರುವುದರಿಂದ ದಿನಾ ಸಂಜೆ ಅದನ್ನು ಗಂಡಿನ ಪಂಜರಕ್ಕೆ ಬಿಟ್ಟು ನೋಡಬೇಕು. ಒಪ್ಪಿದರೆ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಜನವರಿಯಲ್ಲಿ ಸತತ ಒಂಬತ್ತು ಸಂಜೆ ಬಿಟ್ಟೆ. ಹೆಣ್ಣು ಹಲ್ಲು ತೋರಿಸಿತು, ಗಂಡು ಮೂಲೆಗೆ ಹೋಗಿ ಮೈ ನೆಕ್ಕಿಕೊಂಡಿತು.

ಚಳಿ ಇರಬೇಕು ಅಂದುಕೊಂಡೆ. ಬಿಸಿನೀರಿನ ಬಾಟಲಿಗೆ ಹಳೇ ಕಾಲುಚೀಲ ತೊಡಿಸಿ ಪಂಜರಕ್ಕೆ ಒರಗಿಸಿದೆ. ಥರ್ಮಾಮೀಟರ್ 22 ಡಿಗ್ರಿ ತೋರಿಸಿತು. 20ರಿಂದ 24 ಅವಕ್ಕೆ ಹಿತವಾದ ಲೆಕ್ಕ, ಆದರೂ ಪ್ರಯೋಜನವಾಗಲಿಲ್ಲ. ಒಂದು ದಿನ ಗಂಡನ್ನು ಅಂಗೈಯಲ್ಲಿ ಕೂರಿಸಿಕೊಂಡು ಹಿಂಭಾಗ ನೋಡಿದೆ. ತಂದಾಗ ಅಷ್ಟು ದಪ್ಪಗೆ ಎದ್ದು ಕಾಣುತ್ತಿದ್ದ ಬೀಜಗಳು ಸೊರಗಿ ರೋಮದಲ್ಲಿ ಅಡಗಿಹೋಗಿದ್ದವು. ಆಗ ಹೊಳೆದದ್ದು ಬೆಳಕು.

ಸಾಕು ಸಿರಿಯನ್ ಹ್ಯಾಮ್‌ಸ್ಟರ್‌ಗಳ ಬಹುಪಾಲು ವಂಶ ನಿಲ್ಲುವುದು 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಅಲೆಪ್ಪೊ ಹತ್ತಿರ ಬಿಲ ಅಗೆಸಿ ಹಿಡಿದ ಒಂದು ತಾಯಿ, ಅದರ ಮರಿಗಳಲ್ಲಿ. ಆ ಸೀಮೆಯಲ್ಲಿ ಬೇಸಿಗೆಯ ಹಗಲು 14 ಗಂಟೆ ದಾಟುತ್ತದೆ, ಚಳಿಗಾಲದ್ದು 10ಕ್ಕಿಂತ ಕಡಿಮೆ. ಬೆಳಕು ದಿನಕ್ಕೆ ಹನ್ನೆರಡೂವರೆ ಗಂಟೆಗಿಂತ ಕಡಿಮೆಯಾಗಿ ಕೆಲವು ವಾರ ಕಳೆದರೆ ಇವುಗಳ ಮೈ ಮರಿ ಮಾಡುವ ಕೆಲಸವನ್ನೇ ನಿಲ್ಲಿಸುತ್ತದೆ. ನಮ್ಮ ಮೈಸೂರಿನಲ್ಲಿ ಡಿಸೆಂಬರ್ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ, ಜೂನಿನಲ್ಲೂ 13 ಮುಟ್ಟುವುದಿಲ್ಲ. ಕೆಳಗೆ ಇದ್ದಿದ್ದರೆ ನನ್ನ ಟ್ಯೂಬ್‌ಲೈಟಾದರೂ ಸಿಗುತ್ತಿತ್ತು. ಟ್ಯಾಂಕ್ ರೂಮಿನಲ್ಲಿ ಇದ್ದದ್ದು ಒಂದೇ ಕಿಟಕಿ.

ಮೀನಿನ ಅಂಗಡಿಯಿಂದ ತಿರುಗಿಸುವ ಮುಳ್ಳಿನ ಟೈಮರ್ ತಂದು 9 ವ್ಯಾಟಿನ ಎಲ್‌ಇಡಿಗೆ ಜೋಡಿಸಿದೆ, ಬೆಳಗ್ಗೆ ಆರರಿಂದ ರಾತ್ರಿ ಎಂಟು. ಎಲ್‌ಇಡಿ ಯಾಕೆಂದರೆ ಹಳೇ ಬಲ್ಬು ಪಂಜರವನ್ನೇ ಕಾಯಿಸುತ್ತದೆ. ಎಂಟರ ನಂತರ ಪೂರ್ತಿ ಕತ್ತಲೆ, ಝೀರೋ ಕ್ಯಾಂಡಲ್ ಬಲ್ಬೂ ಇಲ್ಲ. ಈ ಟೈಮರಿನ ಒಂದು ದರಿದ್ರ ಗುಣ, ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ದಿನಾ ಗಡಿಯಾರ ನೋಡಿ ತಿರುಗಿಸದಿದ್ದರೆ ಹಗಲು ರಾತ್ರಿ ಎರಡೂ ಜಾರುತ್ತವೆ.

ಮೈ ತಿರುಗಿ ಹದಕ್ಕೆ ಬರಲು ಎರಡು ತಿಂಗಳೇ ಹಿಡಿಯಿತು. ಮಾರ್ಚ್ ಮಧ್ಯದ ಒಂದು ಸಂಜೆ ಹೆಣ್ಣು ಬಾಲ ಎತ್ತಿ ಕಲ್ಲಾಯಿತು. ಗಬ್ಬ ಬರೀ 16 ದಿನ.

ಅಷ್ಟರಲ್ಲಿ ಬಿಸಿಲು ಬಂತು. ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ 33 ಡಿಗ್ರಿ. ಇವಕ್ಕೆ ಬೆವರೇ ಇಲ್ಲ, ಕಾವು ಹೆಚ್ಚಾದರೆ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತವೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದರೂ ಎರಡು ಡಿಗ್ರಿ ಇಳಿಯಿತು ಅಷ್ಟೆ. ಹೆತ್ತ ಮೇಲೆ ಪಂಜರ ಅಲುಗಾಡಿಸಿದರೆ ಗಾಬರಿಬಿದ್ದ ತಾಯಿ ಮರಿಗಳನ್ನೇ ತಿನ್ನಬಹುದು. ಹಾಗಾಗಿ ಗಬ್ಬದ 12ನೇ ದಿನವೇ ಮೆಟ್ಟಿಲ ಕೆಳಗಿನ ರೆಡ್ ಆಕ್ಸೈಡ್ ನೆಲಕ್ಕೆ ಇಳಿಸಿದೆ, 27 ಡಿಗ್ರಿ. ಒಳಗೆ ಒಡೆದ ಮಡಕೆಯ ಅರ್ಧ, ಕೈತುಂಬ ಟಿಶ್ಯೂ ಪೇಪರ್. ಮಷೀನನ್ನು ಜಗಲಿಗೆ ಎಳೆದೆ. ಯುಗಾದಿ ಬ್ಲೌಸುಗಳ ಕಾಲದಲ್ಲಿ ಇದು ಸಣ್ಣ ತ್ಯಾಗವಲ್ಲ, ಬಿಡಿ.

ಹೆತ್ತು ಎಂಟು ದಿನ ನಾನು ಮಡಕೆ ಮುಟ್ಟಲಿಲ್ಲ. ಒಂಬತ್ತನೇ ರಾತ್ರಿ, ತಾಯಿ ತಿನ್ನಲು ಹೊರಬಂದಾಗ, ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ ಇಣುಕಿದೆ. ಕೆಂಪು ಬೆಳಕು ಅವುಗಳ ಕಣ್ಣಿಗೆ ಅಷ್ಟಾಗಿ ಹತ್ತುವುದಿಲ್ಲ. ಕಡಲೆಕಾಯಿ ಗಾತ್ರದ ಮರಿಗಳು, ಕಣ್ಣು ಇನ್ನೂ ಮುಚ್ಚಿದೆ, ಬೆನ್ನ ಮೇಲೆ ಬೂದಿ ಸವರಿದಂತೆ ರೋಮ.

"ಎಷ್ಟವೆ?" ಹಿಂದಿನಿಂದ ಪಿಸುದನಿ. ಅತ್ತೆ.

"ಏಳು."

"ತಾಯಿಗೆ ಏನಾದ್ರೂ ಕೊಟ್ಟ್ಯಾ?"

ಬೇಯಿಸಿದ ಮೊಟ್ಟೆ ಚೂರು ಹಾಕಿದ್ದೆ. ಟೈಮರ್ ಮಾತ್ರ ನಲವತ್ತು ನಿಮಿಷ ಹಿಂದಿತ್ತು, ತಿರುಗಿಸಿ ಹೋಗಿ ಮಲಗಿದೆ.