ಒಂದು ಕಂಪ್ಯೂಟರ್, ಎರಡು ನೆಟ್‌ವರ್ಕ್: ಈ ವಾರದ ಪ್ರಗತಿ

ಮೇಜಿನ ಮೇಲಿನ ಲಿನಕ್ಸ್ ಕಂಪ್ಯೂಟರನ್ನು ಏಕಕಾಲಕ್ಕೆ ಎರಡು ನೆಟ್‌ವರ್ಕ್‌ಗಳಿಗೆ ಜೋಡಿಸುವ ಕೆಲಸ ಈ ವಾರ ಬಹುಮಟ್ಟಿಗೆ ಕೈಗೂಡಿದೆ. ಇಂಟರ್ನೆಟ್ ವೈಫೈ ಮೂಲಕ ಬರುತ್ತದೆ. ಈಥರ್ನೆಟ್ ಕೇಬಲ್ಲಿನ ಆಚೆ ಇರುವುದು ಹೊರಗಿನ ಸಂಪರ್ಕವನ್ನು ಬೇಕೆಂದೇ ಕೊಡದ ಪ್ರಯೋಗದ ನೆಟ್‌ವರ್ಕ್, ಅಂದರೆ ಒಂದು ಹಳೆಯ ರೂಟರ್, ಕಡತಗಳನ್ನಿಡುವ ಸರ್ವರ್ ಮತ್ತು ರಾಸ್ಪ್‌ಬೆರಿ ಪೈ ಎಂಬ ಎರಡು ಪುಟ್ಟ ಕಂಪ್ಯೂಟರ್ ಬೋರ್ಡ್‌ಗಳು.

ಕೇಬಲ್ ಸಿಕ್ಕಿಸಿದೊಡನೆ ಇಂಟರ್ನೆಟ್ ನಿಂತಿತು. ವೈಫೈ ಸಂಪರ್ಕ ಮಾತ್ರ ಹಾಗೆಯೇ ಇತ್ತು. ಡ್ರೈವರ್ ಮೇಲೆ ಸಂಶಯಪಟ್ಟು ಒಂದು ಸಂಜೆಯನ್ನೇ ಕಳೆದುಕೊಂಡೆ. ಯಾವ ವಿಳಾಸಕ್ಕೆ ಯಾವ ದಾರಿ ಎಂದು ಹೇಳುವ ರೂಟಿಂಗ್ ಪಟ್ಟಿಯನ್ನು ಮೊದಲೇ ನೋಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ಅದರಲ್ಲಿ ಎರಡು ಡಿಫಾಲ್ಟ್ ಮಾರ್ಗಗಳಿದ್ದವು, ಅಂದರೆ ಬೇರೆ ದಾರಿ ಹೇಳಿರದ ವಿಳಾಸಗಳಿಗೆಲ್ಲ ಬಳಸುವ ಮಾರ್ಗಗಳು. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಈಥರ್ನೆಟ್‌ಗೆ 100, ವೈಫೈಗೆ 600 ಎಂಬ ಮೆಟ್ರಿಕ್ ಕೊಡುತ್ತದೆ. ಚಿಕ್ಕ ಸಂಖ್ಯೆಯ ಮಾರ್ಗಕ್ಕೇ ಆದ್ಯತೆ. ಪ್ರಯೋಗದ ರೂಟರ್ ಡಿಎಚ್‌ಸಿಪಿ ಮೂಲಕ ವಿಳಾಸ ಹಂಚುವಾಗ ತನ್ನನ್ನೇ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಎಂದೂ ಹೇಳಿಕೊಳ್ಳುತ್ತಿದ್ದುದರಿಂದ, ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳೆಲ್ಲ (ದತ್ತಾಂಶದ ತುಣುಕುಗಳು) ಹೊರದಾರಿಯೇ ಇಲ್ಲದ ಆ ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು. ಮೆಟ್ರಿಕ್ ಅದಲುಬದಲು ಮಾಡಿದರೂ ತೊಂದರೆ ನೀಗುತ್ತಿತ್ತು, ಆದರೆ ಕೆಲಸಕ್ಕೆ ಬಾರದ ಗೇಟ್‌ವೇಯನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಆ ಸಂಪರ್ಕವನ್ನು ಅದೇ ನೆಟ್‌ವರ್ಕಿನ ಒಳಗಿನ ಯಂತ್ರಗಳಿಗಷ್ಟೇ ಬಳಸುವ ಆಯ್ಕೆಯನ್ನು ಐಪಿವಿ4 ಸೆಟ್ಟಿಂಗ್‌ನಲ್ಲಿ ಗುರುತು ಮಾಡಿದೆ.

ಆಮೇಲೆ ಎದುರಾದದ್ದು ಇನ್ನೂ ವಿಚಿತ್ರ: ಸಂಖ್ಯೆಯ ವಿಳಾಸಕ್ಕೆ ಪಿಂಗ್ ಮಾಡಿದರೆ (ಆಚೆಯ ಯಂತ್ರ ಓಗೊಡುತ್ತದೆಯೇ ಎಂಬ ಪರೀಕ್ಷೆ) ಉತ್ತರ ಬರುತ್ತಿತ್ತು, ಹೆಸರು ಕೊಟ್ಟರೆ ಯಾವ ಜಾಲತಾಣವೂ ತೆರೆಯುತ್ತಿರಲಿಲ್ಲ. ಎರಡೂ ರೂಟರ್‌ಗಳು ಕಾರ್ಖಾನೆಯಿಂದ ಬಂದಂತೆಯೇ 192.168.1.1 ಎಂಬ ವಿಳಾಸದಲ್ಲಿ ಕುಳಿತಿದ್ದವು. ಡಿಫಾಲ್ಟ್ ಮಾರ್ಗದಲ್ಲಿ ವೈಫೈ ಇಂಟರ್ಫೇಸಿನ ಹೆಸರೂ ನಮೂದಾಗಿರುವುದರಿಂದ ಅದು ದಾರಿ ತಪ್ಪುವುದಿಲ್ಲ. ಆದರೆ ಹೆಸರಿಗೆ ತಕ್ಕ ಸಂಖ್ಯೆಯ ವಿಳಾಸವನ್ನು ಕೇಳುವ ಡಿಎನ್‌ಎಸ್ ಪ್ರಶ್ನೆ ನೇರವಾಗಿ 192.168.1.1ಕ್ಕೆ ಹೊರಟಾಗ, ಒಂದೇ ಸಬ್‌ನೆಟ್‌ಗೆ (ವಿಳಾಸಗಳ ಗುಂಪಿಗೆ) ಇದ್ದ ಎರಡು ಮಾರ್ಗಗಳಲ್ಲಿ ಕಡಿಮೆ ಮೆಟ್ರಿಕ್‌ನ ಕೇಬಲ್ಲನ್ನು ಹಿಡಿದು ತಪ್ಪು ರೂಟರನ್ನು ತಲುಪುತ್ತಿತ್ತು. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆ ಖಾಸಗಿ ಬಳಕೆಗೆಂದು 10.0.0.0/8, 172.16.0.0/12, 192.168.0.0/16 ಎಂಬ ಮೂರು ವಿಶಾಲ ವ್ಯಾಪ್ತಿಗಳನ್ನು ಬಿಟ್ಟುಕೊಟ್ಟಿರುವಾಗ, ಇಷ್ಟೊಂದು ರೂಟರ್‌ಗಳು ಅದೇ ಒಂದು ಮೂಲೆಗೆ ಮುಗಿಬೀಳುವುದೇಕೋ! ಪ್ರಯೋಗದ ನೆಟ್‌ವರ್ಕನ್ನು 10.20.30.0/24ಕ್ಕೆ ಬದಲಿಸಿದೆ. ಒಂದು ಪೈಗೆ ಸ್ಥಿರ ವಿಳಾಸ ಕೊಟ್ಟಿದ್ದುದನ್ನು ಮರೆತಿದ್ದರಿಂದ, ಅದಕ್ಕೆ ಮಾನಿಟರ್ ಮತ್ತು ಕೀಬೋರ್ಡ್ ಜೋಡಿಸಿ ತಿದ್ದಬೇಕಾಯಿತು. ಆ ಕಡೆಯ ಡಿಎನ್‌ಎಸ್ ಬೇಡವೆಂದು ತೆಗೆದುಹಾಕಿ, ಸರ್ವರಿನ ಹೆಸರು ಮತ್ತು ವಿಳಾಸವನ್ನು ಕಂಪ್ಯೂಟರಿನಲ್ಲೇ ಇರುವ ಹೋಸ್ಟ್ಸ್ ಕಡತದಲ್ಲಿ ಬರೆದಿದ್ದೇನೆ.

ಈಗ ‘ಐಪಿ ರೂಟ್ ಗೆಟ್’ ಆದೇಶಕ್ಕೆ ಯಾವ ವಿಳಾಸ ಕೊಟ್ಟರೂ ಸರಿಯಾದ ಇಂಟರ್ಫೇಸನ್ನೇ ತೋರಿಸುತ್ತದೆ. ಐಪಿ ಫಾರ್ವರ್ಡಿಂಗ್ 0 (ಅಂದರೆ ನಿಷ್ಕ್ರಿಯ) ಆಗಿಯೇ ಇರುವುದರಿಂದ ಈ ಕಂಪ್ಯೂಟರ್ ಎರಡು ಕಡೆಯ ನಡುವೆ ಪ್ಯಾಕೆಟ್‌ಗಳನ್ನು ದಾಟಿಸುವುದಿಲ್ಲ. ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ವೇಗದಲ್ಲಿ ಕಡತಗಳು ನಕಲಾಗುತ್ತಿದ್ದಾಗಲೂ ವೈಫೈ ಡೌನ್‌ಲೋಡ್ ನಿಧಾನವಾಗಲಿಲ್ಲ.

ಎರಡನೆಯ ಪೈಯನ್ನು ಪ್ರಯೋಗದ ರೂಟರಿನ ಹಿಂದೆ 10.20.40.0/24 ಎಂಬ ಪ್ರತ್ಯೇಕ ಸಬ್‌ನೆಟ್‌ಗೆ ಸರಿಸಿ, ಅಲ್ಲಿಗೆ ಹೋಗುವ ಮಾರ್ಗವನ್ನು ಕಂಪ್ಯೂಟರಿನಲ್ಲಿ ನಾನೇ ಬರೆದೆ. ಪಿಂಗ್‌ಗೆ ಇನ್ನೂ ಉತ್ತರವಿಲ್ಲ. ಪ್ಯಾಕೆಟ್‌ಗಳನ್ನು ಸೆರೆಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ಪ್ಯಾಕೆಟ್ ಪೈಯನ್ನು ತಲುಪುತ್ತಿದೆ; ಮರಳುವ ದಾರಿಯೇ ಅದಕ್ಕೆ ಗೊತ್ತಿಲ್ಲ, ಏಕೆಂದರೆ ಅಲ್ಲಿ ಗೇಟ್‌ವೇ ಬರೆಯುವುದನ್ನು ನಾನು ಮರೆತಿದ್ದೇನೆ. ಮತ್ತೆ ಮಾನಿಟರ್ ಮತ್ತು ಕೀಬೋರ್ಡ್ ಹೊತ್ತೊಯ್ಯಬೇಕು.