ಚಗಳಿ ಚಟ್ನಿ, ಬಿಸಿ ಕಡುಬು

ಮಲೆನಾಡಿನ ಕಡೆ ಇರುವೆ ಚಟ್ನಿ ತಿನ್ನುತ್ತಾರೆ ಅಂತ ನಮ್ಮ ಮಂಡ್ಯ ಕಡೆ ಹೇಳಿನೋಡಿ. ಜನ ಮೊದಲು ಮುಖ ಕಿವುಚುತ್ತಾರೆ. ಆಮೇಲೆ "ಸಕ್ಕರೆ ಡಬ್ಬಕ್ಕೆ ಬರ್ತವಲ್ಲ, ಅವೇನಾ?" ಅಂತಾರೆ. ಅವಲ್ಲ. ಇವು ಮಾವು, ಹಲಸು, ಗೇರು ಮರಗಳಲ್ಲಿ ಎಲೆ ಸೇರಿಸಿ ಗೂಡು ಕಟ್ಟುವ ಕೆಂಪಿರುವೆ. ಅಲ್ಲಿಯವರ ಬಾಯಲ್ಲಿ ಚಗಳಿ.

ಕೊಪ್ಪದ ಹತ್ತಿರ ಗೆಳೆಯನ ಮನೆಗೆ ಹೋಗಿದ್ದೆ. ಮಾವು ಹೂಬಿಟ್ಟ ಸಮಯ. ಬೆಳಿಗ್ಗೆ ಕಾಫಿ ಮುಗಿಸಿ ಅವನ ಚಿಕ್ಕಪ್ಪ "ಬರ್ತೀಯನಾ? ಒಂದು ಚಗಳಿ ಕೊಟ್ಟೆ ಇಳಿಸಿ ಬರೋಣ" ಅಂದರು. ಕೊಟ್ಟೆ ಅಂದರೆ ಗೂಡು. ಕತ್ತಿ ಹಿಡಿದು, ಲುಂಗಿ ಎತ್ತಿ ಕಟ್ಟಿ ಹೊರಟೇಬಿಟ್ಟರು. ನನ್ನ ಕೈಗೆ ಮುಚ್ಚಳ ಇರುವ ದೊಡ್ಡ ಪಾತ್ರೆ ಬಂತು.

ಗೂಡನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಹಸಿ ಎಲೆಗಳನ್ನು ಅಂಚಿಗೆ ಅಂಚು ಕೂಡಿಸಿ ಬಿಳಿ ನೂಲಿನಲ್ಲಿ ಹೊಲಿದಂತಿತ್ತು. ಆ ನೂಲು ಬರುವುದು ದೊಡ್ಡ ಇರುವೆಯಿಂದಲ್ಲ, ಮರಿಹುಳದಿಂದ. ಒಂದಷ್ಟು ಇರುವೆಗಳು ಒಂದರ ಸೊಂಟ ಇನ್ನೊಂದು ಕಚ್ಚಿ ಸರಪಳಿಯಾಗಿ ಎಲೆಗಳನ್ನು ಹತ್ತಿರ ಎಳೆಯುತ್ತವೆ. ಉಳಿದವು ಮರಿಹುಳವನ್ನು ಬಾಯಲ್ಲಿ ಹಿಡಿದು, ನೇಕಾರ ಲಾಳಿ ಆಡಿಸುವ ಹಾಗೆ ಈ ಅಂಚಿಗೂ ಆ ಅಂಚಿಗೂ ಆಡಿಸುತ್ತವೆ. ಮಕ್ಕಳ ಕೈಲೇ ಮನೆ ಕಟ್ಟಿಸುವ ಜಾಣತನ!

ಇಷ್ಟೆಲ್ಲ ಮೆಚ್ಚಿಕೊಳ್ಳುವಷ್ಟರಲ್ಲಿ ಚಿಕ್ಕಪ್ಪ ಮೇಲಿಂದ ಕೊಂಬೆ ಕಡಿದರು. ಕೊಟ್ಟೆ ಅರ್ಧ ಪಾತ್ರೆಗೆ ಬಿತ್ತು, ಇನ್ನರ್ಧ ನನ್ನ ಮೇಲೆ. ಚಗಳಿ ಕಚ್ಚಿ ಸುಮ್ನೆ ಬಿಡುವುದಿಲ್ಲ. ಹಲ್ಲೂರಿ, ಹಿಂಭಾಗ ಬಗ್ಗಿಸಿ ಗಾಯದ ಮೇಲೇ ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ. ನಾನು ಪ್ಯಾಂಟ್ ಕೊಡವುತ್ತಾ ಕುಣಿಯುತ್ತಿದ್ದರೆ, ಕುತ್ತಿಗೆಯ ತುಂಬ ಇರುವೆ ಹತ್ತಿಸಿಕೊಂಡ ಚಿಕ್ಕಪ್ಪ ನಿಧಾನಕ್ಕೆ ಇಳಿದು "ಮುಚ್ಚಳ ಹಾಕಾ ಮಾರಾಯ, ಎಲ್ಲ ಓಡ್ತವೆ" ಅಂದರು.

ಹುರಿಯುವ ಕೆಲಸ ನಡೆದದ್ದು ಬಚ್ಚಲ ಒಲೆಯಲ್ಲಿ. ಅಡುಗೆಮನೆಯಲ್ಲಿ ಯಾಕಿಲ್ಲ ಅನ್ನೋದು ಪಾತ್ರೆ ಕಾದ ಮೇಲೆ ತಿಳಿಯಿತು. ಮೂಗು, ಕಣ್ಣು ಎರಡಕ್ಕೂ ಚುಚ್ಚುವ ಹುಳಿ ಘಾಟು. ಗೆಳೆಯನ ಅಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡೇ ಕೈಯಾಡಿಸುತ್ತಿದ್ದರು. ಆಮೇಲೆ ಗೆರಸಿಗೆ ಸುರಿದು ಕೇರಿದರು, ಎಲೆ ಚೂರು ಆರಿಸಿದರು. ನನ್ನ ಹೊಟ್ಟೆ ತೊಳಸಿದ್ದು ಆಗಲೇ. ಕೆಂಪು ಮೈ, ಮುದುರಿದ ಕಾಲುಗಳು, ನಡುನಡುವೆ ಬಿಳಿ ಮರಿಗಳು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಇರುವೆಯ ಕಾಲು ಇನ್ನೂ ಆಡುತ್ತಿದೆ ಅಂತಲೂ ಅನ್ನಿಸಿತು. ಆಡುತ್ತಿರಲಿಲ್ಲ ಬಿಡಿ.

ಒರಳಿಗೆ ಕಾಯಿತುರಿ, ಜೀರಿಗೆ ಮೆಣಸು (ಗಾತ್ರದಲ್ಲಿ ಪುಟ್ಟ, ಖಾರದಲ್ಲಿ ಜೋರಿನ ಮೆಣಸಿನಕಾಯಿ), ಬೆಳ್ಳುಳ್ಳಿ, ಉಪ್ಪು, ಕೊನೆಗೆ ಚಗಳಿ ಬಿತ್ತು. ಹುಣಸೆಹಣ್ಣು ಬೇಡವಾ ಅಂದೆ. "ಹುಳಿ ಅದ್ರಲ್ಲೇ ಇದೆಯಲ್ಲ" ಅಂದರು ಅಮ್ಮ.

ಬಿಸಿ ಕಡುಬಿನ ಪಕ್ಕ ಕಂದು ಬಣ್ಣದ ಚಟ್ನಿ ಬಡಿಸಿದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೇಡ ಅನ್ನೋ ಧೈರ್ಯ ಬರಲಿಲ್ಲ. ಕಡುಬು ಮುರಿದು, ಚಟ್ನಿ ತಾಗಿಸಿಯೂ ತಾಗಿಸದ ಹಾಗೆ ಬಾಯಿಗಿಟ್ಟೆ. ಮೊದಲು ಹುಳಿ. ನಿಂಬೆಗಿಂತ ಚುರುಕು, ಆದರೆ ನಾಲಿಗೆ ಮೇಲೆ ಜಾಸ್ತಿ ಹೊತ್ತು ನಿಲ್ಲದ ಹುಳಿ. ಹಿಂದೆಯೇ ಜೀರಿಗೆ ಮೆಣಸಿನ ಖಾರ. ಹಲ್ಲಿನ ನಡುವೆ ಸಣ್ಣಗೆ ತರಿತರಿ. ಇರುವೆ ಅಂತ ಗೊತ್ತಾಗುವುದು ಅಷ್ಟರಿಂದ ಮಾತ್ರ. ಎರಡನೇ ಕಡುಬಿಗೆ ನಾನೇ ಕೇಳಿ ಹಾಕಿಸಿಕೊಂಡೆ. ಕಣ್ಣು ಮುಚ್ಚಿಸಿ ಕೊಟ್ಟಿದ್ದರೆ ಮೊದಲನೆಯದಕ್ಕೂ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ಶೀತ, ಕೆಮ್ಮಿಗೆ ಒಳ್ಳೇದು ಅಂತಲೂ ಅಂದರು. ಮೂಗು ಬಿಟ್ಟುಕೊಂಡದ್ದು ನಿಜ, ಆದರೆ ಅಷ್ಟು ಜೀರಿಗೆ ಮೆಣಸು ಹಾಕಿದರೆ ಇರುವೆ ಇಲ್ಲದೆಯೂ ಬಿಟ್ಟುಕೊಳ್ಳುತ್ತಿತ್ತು ಅನ್ನೋದು ನನ್ನ ಅನುಮಾನ.

ಇದೇ ಇರುವೆಯ ಚಟ್ನಿಯನ್ನು ಒಡಿಶಾದ ಮಯೂರ್‌ಭಂಜ್‌ನ ಆದಿವಾಸಿಗಳೂ ಮಾಡುತ್ತಾರೆ. ಅಲ್ಲಿಯ 'ಸಿಮಿಲಿಪಾಲ್ ಕಾಯಿ ಚಟ್ನಿ'ಗೆ (ಕಾಯಿ ಅಂದರೆ ಅಲ್ಲಿ ಈ ಕೆಂಪಿರುವೆ, ತೆಂಗಿನಕಾಯಿ ಅಲ್ಲ) 2024ರ ಜನವರಿಯಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು ಸಿಕ್ಕಿದೆ. ನಮ್ಮ ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಗೆ ಇರುವಂಥದ್ದೇ ಟ್ಯಾಗ್. ಆ ಸುದ್ದಿ ಓದಿದಾಗ "ಥೂ, ಇರುವೆನಾ?" ಅಂದವರಿಗೆಲ್ಲ ಕಳಿಸಿದೆ. ಒಬ್ಬರೂ ಉತ್ತರ ಕೊಡಲಿಲ್ಲ.

ಆಮೇಲೊಮ್ಮೆ ನಮ್ಮೂರ ಹಬ್ಬಕ್ಕೆ ಗೆಳೆಯನ ಜೊತೆ ಚಿಕ್ಕಪ್ಪನೂ ಬಂದರು. ಮುದ್ದೆ, ಬಸ್ಸಾರು. "ಅಗೀಬೇಡಿ, ಹಂಗೇ ನುಂಗಿ" ಅಂದಳು ನಮ್ಮಮ್ಮ. ಕುತ್ತಿಗೆ ಮೇಲೆ ಇರುವೆ ಹರಿದರೂ ಅಲುಗದ ಮನುಷ್ಯ, ತುತ್ತು ಬಾಯಲ್ಲಿಟ್ಟುಕೊಂಡು ಕಣ್ಣು ಕಣ್ಣು ಬಿಟ್ಟರು. ಒಂದು ಲೋಟ ನೀರು ಕುಡಿದು "ಅಗಿಯದೆ ಹೆಂಗೆ ಮಾರಾಯ್ರೆ ನುಂಗೋದು? ಒಂಚೂರು ಅನ್ನ ಇದ್ರೆ ಹಾಕಿ" ಅಂದರು. ಎಲ್ಲರೂ ನಕ್ಕೆವು. ಆ ನಗುವಿಗೆ ಸೇಡು ಅನ್ನೋ ಹಾಗೆ, ನಾನು ಮನೆಯಲ್ಲಿ ಬಾಯಿಬಿಡದ ಚಗಳಿ ಚಟ್ನಿಯ ಕತೆಯನ್ನು ಚಿಕ್ಕಪ್ಪ ಬಿಚ್ಚಿಬಿಟ್ಟರು.

ಅಮ್ಮ ಸೌಟು ಹಿಡಿದೇ ನನ್ನ ಕಡೆ ತಿರುಗಿದಳು. ಬೈಗುಳ ಬಂತು ಅಂದುಕೊಂಡೆ.

"ಅದಕ್ಕೆ ಕೊಬ್ರಿ ಹಾಕ್ತಾರೋ, ಹಸಿ ಕಾಯೋ?" ಅಂದಳು.