ವಿರಾಜಪೇಟೆಯಿಂದ ದೆಹಲಿಗೆ, ಕಣ್ಣೂರಿನಲ್ಲಿ ವಿಮಾನ ಹತ್ತಿ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ವಿರಾಜಪೇಟೆ ಕಡೆಯ ನಮಗೆ ಹತ್ತಿರದ್ದು ಕೇರಳದ ಕಣ್ಣೂರು ನಿಲ್ದಾಣ. ಅದು ಕಣ್ಣೂರು ಪೇಟೆಯಲ್ಲಿಲ್ಲ, ಮಟ್ಟನ್ನೂರಿನಲ್ಲಿದೆ. 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ವಿರಾಜಪೇಟೆಯಿಂದ ಸುಮಾರು 60 ಕಿ.ಮೀ. ಕಳೆದ ಜುಲೈನಲ್ಲಿ ಅಮ್ಮನನ್ನು ದೆಹಲಿಯ ತಮ್ಮನ ಮನೆಗೆ ಕರೆದುಕೊಂಡು ಹೋಗಿದ್ದು ಅಲ್ಲಿಂದಲೇ, ಬೆಂಗಳೂರಿನಲ್ಲಿ ವಿಮಾನ ಬದಲಿಸಿ.

ಕಣ್ಣೂರಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 275 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ವಿಮಾನ ನೆಲದ ಮೇಲೆ ಓಡುವ ಹೊತ್ತೂ ಅದರಲ್ಲೇ ಸೇರಿದೆ. ಬೆಂಗಳೂರಿಂದ ದೆಹಲಿಗೆ ಸುಮಾರು 1,700 ಕಿ.ಮೀ., ಎರಡೂಮುಕ್ಕಾಲು ಗಂಟೆ. ಆದರೆ ಮನೆ ಬಾಗಿಲಿಂದ ಲೆಕ್ಕ ಹಾಕಬೇಕು, ಅಲ್ವಾ?

ನಮ್ಮ ಹೊತ್ತು ತಿಂದಿದ್ದು ಕೇರಳಕ್ಕೆ ಇಳಿಯುವ ಮಾಕುಟ್ಟ ಘಟ್ಟದ ರಸ್ತೆ. ಪೆರುಂಬಾಡಿ ದಾಟಿದ ಮೇಲೆ ಕಾಡು, ತಿರುವು, ಮಂಜು. ಒಂದು ತಿರುವಿನಲ್ಲಿ ಮರ ಅಡ್ಡ ಬಿದ್ದಿತ್ತು. ಮುಂದಿದ್ದ ಜೀಪಿನವರು ಕತ್ತಿ ತೆಗೆದು ಕೊಂಬೆ ಕಡಿದರು, ನಾವೆಲ್ಲ ಮಳೆಯಲ್ಲೇ ನಿಂತು ಎಳೆದು ಹಾಕಿದೆವು. ಐವತ್ತು ನಿಮಿಷ ಹೋಯಿತು. ಅಮ್ಮ ಕಾರಿನೊಳಗೆ ಕೂತು ಗಡಿಯಾರ ನೋಡುತ್ತಲೇ ಇದ್ದರು. ಕೂಟುಪುಳ ಸೇತುವೆ ದಾಟಿದ ಮೇಲೆ ಇರಿಟ್ಟಿ, ಮಟ್ಟನ್ನೂರು ಸಲೀಸು. ಬೇಸಿಗೆಯಲ್ಲಿ ಎರಡು ಗಂಟೆ ಸಾಕು. ಮಳೆಗಾಲದಲ್ಲಿ ಮೂರೂವರೆ ಇಟ್ಟುಕೊಳ್ಳಿ. ಹೊರಡುವ ಮೊದಲು ಆ ಕಡೆಯ ಯಾರಿಗಾದರೂ ಫೋನ್ ಮಾಡಿ ರಸ್ತೆ ತೆರೆದಿದೆಯಾ ಕೇಳಿ. 2018ರ ಮಳೆಯಲ್ಲಿ ಈ ಘಟ್ಟ ಕುಸಿದಿದ್ದು ನಮಗೆಲ್ಲ ನೆನಪಿದೆ. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ನಾವು ಮುಟ್ಟಿದಾಗ ಇನ್ನು ಹದಿನೈದೇ ನಿಮಿಷ ಉಳಿದಿತ್ತು.

ಬರೀ ಬೆಂಗಳೂರಿಗೆ ಹೋಗುವುದಾದರೆ ಈ ದಾರಿ ಬೇಡ. ಘಟ್ಟದ ರಸ್ತೆ, ನಿಲ್ದಾಣದಲ್ಲಿ ಕಾಯುವುದು, ವಿಮಾನ, ಆಮೇಲೆ ಬೆಂಗಳೂರು ನಿಲ್ದಾಣದಿಂದ ಊರೊಳಗೆ 35 ಕಿ.ಮೀ. ಎಲ್ಲ ಕೂಡಿದರೆ ಆರೇಳು ಗಂಟೆ. ಬಸ್ಸೂ ಹೆಚ್ಚು ಕಡಿಮೆ ಅಷ್ಟೇ ಹೊತ್ತಿಗೆ ಮುಟ್ಟಿಸುತ್ತದೆ, ದುಡ್ಡೂ ಕಡಿಮೆ. ದೂರದ ಊರಿಗೆ ಹೋಗುವವರಿಗೆ ಮಾತ್ರ ಕಣ್ಣೂರು ಲಾಭ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಇರಲಿ. ನಮ್ಮ ಪೆಟ್ಟಿಗೆ ನೇರ ದೆಹಲಿಗೇ ಹೋಯಿತು, ಬೆಂಗಳೂರಿನಲ್ಲಿ ಎತ್ತಿಕೊಂಡು ಓಡಾಡಲಿಲ್ಲ. ಮಧ್ಯೆ ಎರಡೂವರೆ ಗಂಟೆಯಾದರೂ ಬಿಡುವು ಇರಲಿ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ, ಮುಂದಿನ ವಿಮಾನ ಯಾವುದರಲ್ಲಿ ಅಂತ ಮೊದಲೇ ನೋಡಿಕೊಳ್ಳಿ. ಮಂಡಿ ನೋವಿನ ಹಿರಿಯರಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಹೇಳಿ. ಅಮ್ಮನಿಗೆ ಅದರಿಂದ ತುಂಬಾ ಉಪಕಾರವಾಯಿತು.

ಇನ್ನೊಂದು ವಿಷಯ, ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ ರಸ. ತಮ್ಮನಿಗೆ ಅಂತ ಒಂದು ಬಾಟ್ಲಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ದೆಹಲಿಯಲ್ಲಿ ತೆರೆದರೆ ಅಮ್ಮನ ಬಿಳಿ ಸೀರೆಯ ಮಡಿಕೆಯಲ್ಲಿ ಕಪ್ಪು ಕಲೆ, ಹುಳಿ ವಾಸನೆ. ಬಾಟ್ಲಿಯನ್ನು ಬಾಯಿವರೆಗೆ ತುಂಬಬೇಡಿ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಿಲ್ಲಿಸಿ ಇಡಿ.